ಕಾರಣವನ್ನು ಹೇಳುವ ಕಿರುಮಾತುಗಳು



ಭಾಷೆಯ ವಿಚಾರವನ್ನು ಎತ್ತಿದೊಡನೆ ನಮ್ಮ ಮನಸ್ಸು ದೊಡ್ಡ ಶಬ್ದಗಳ ಕಡೆಗೆ ಹರಿಯುವುದು ಸಹಜ. ಧರ್ಮ, ರಾಜ್ಯ, ಪ್ರೀತಿ ಮೊದಲಾದ ಮಾತುಗಳ ಚರಿತ್ರೆಯನ್ನು ಕೇಳುವುದಕ್ಕೆ ಎಲ್ಲರಿಗೂ ಕುತೂಹಲ. ‘ಇಂದ’, ‘ಸಲುವಾಗಿ’, ‘ಓಸ್ಕರ’, ‘ಎಂದು’ ಎಂಬಂಥ ಕಿರುಮಾತುಗಳನ್ನಾದರೋ ನಾವು ಬಾಗಿಲಿನ ತಿರುಗಣೆಯಂತೆ ಉಪಯೋಗಿಸುತ್ತೇವೆ, ನೋಡುವುದಿಲ್ಲ. ತಿರುಗಣೆ ಇಲ್ಲದಿದ್ದರೆ ಬಾಗಿಲು ಬರಿಯ ಹಲಗೆ. ಹಾಗೆಯೇ ಕಾರಣವನ್ನೂ ಕಾರ್ಯವನ್ನೂ ಕೂಡಿಸುವ ಮಾತುಗಳಿಲ್ಲದಿದ್ದರೆ ನಮ್ಮ ವಾಕ್ಯಗಳು ಬರಿಯ ಸುದ್ದಿಗಳ ರಾಶಿಯಾದಾವು. ‘ಮಳೆ ಬರಲಿಲ್ಲ, ಬಿತ್ತನೆ ಆಗಲಿಲ್ಲ’ ಎಂಬುದು ಎರಡು ಸುದ್ದಿ. ‘ಮಳೆ ಬಾರದುದರಿಂದ ಬಿತ್ತನೆ ಆಗಲಿಲ್ಲ’ ಎಂಬುದು ಒಂದು ವಿಚಾರ. ಈ ಎರಡಕ್ಕೂ ನಡುವೆ ಇರುವ ಅಂತರವನ್ನು ದಾಟಿಸಿದ್ದು ಒಂದು ಪ್ರತ್ಯಯ. ಈ ಬಗೆಯ ಮಾತುಗಳು ಎಲ್ಲಿಂದ ಬಂದುವು, ಹೇಗೆ ಬೆಳೆದುವು, ಅವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡಾಗ ನಮ್ಮ ಅಭಿಪ್ರಾಯಕ್ಕೆ ಏನಾಗುತ್ತದೆ ಎಂಬುದೇ ಈ ಭಾಷಣದ ವಿಷಯ.

ಈ ವಿಷಯದಲ್ಲಿ ಚೀನೀ ಭಾಷೆ ಒಳ್ಳೆಯ ದೀಪವಾಗಿದೆ. ಆ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ. ನಾಮಪದದ ರೂಪ ಬದಲಾಗುವುದೇ ಇಲ್ಲ. ನಾವು ‘ಇಂದ’ ಎನ್ನುವ ಕಡೆಯಲ್ಲಿ ಅವರು ನಾಮಪದದ ಹಿಂದುಗಡೆ ಪ್ರತ್ಯಯ ಹಚ್ಚುವುದಿಲ್ಲ. ಅದರ ಮುಂದೆ ಒಂದು ಬಿಡಿ ಮಾತನ್ನು ನಿಲ್ಲಿಸುತ್ತಾರೆ. ಆ ಮಾತುಗಳ ಪೂರ್ವಾಶ್ರಮವನ್ನು ವಿಚಾರಿಸಿದರೆ ಪ್ರಾಯಶಃ ಎಲ್ಲವೂ ಕ್ರಿಯಾಪದಗಳು. ‘ಯಿನ್’ ಎಂಬುದಕ್ಕೆ ಮೊದಲು ಆಶ್ರಯಿಸು, ಅನುಸರಿಸು ಎಂದರ್ಥ. ‘ಯಿ’ ಎಂಬುದಕ್ಕೆ ಹಿಡಿದುಕೊಳ್ಳು, ಉಪಯೋಗಿಸು ಎಂದರ್ಥ. ‘ಯೋವ್’ ಎಂದರೆ ಒಂದು ಹಾದಿಯಿಂದ ಹಾದು ಬರು. ‘ಯುವಾನ್’ ಎಂದರೆ ಬಟ್ಟೆಯ ಅಂಚು. ಅದರಿಂದ ಅಂಚನ್ನು ಹಿಡಿದು ಸಾಗು. ‘ವೇಯ್’ ಎಂಬುದು ‘ಮಾಡು’ ಎಂಬರ್ಥದ ಕ್ರಿಯಾಪದದ ಬಳಗಕ್ಕೆ ಸೇರಿದ್ದು. ನಡೆಯುವುದು, ಹಿಡಿಯುವುದು, ಮಾಡುವುದು, ಇವೆಲ್ಲ ಕೈಕಾಲುಗಳ ಕೆಲಸ. ಶತಮಾನಗಳು ಉರುಳಿದಂತೆ ಈ ಕೈಕಾಲುಗಳ ಮಾತುಗಳೇ ಸವೆದು ಸವೆದು ‘ಇಂಥದರ ಕಾರಣ’ ಎಂಬ ಬುದ್ಧಿಯ ಮಾತುಗಳಾದುವು. ಕಾರಣವೆಂಬುದನ್ನು ಯಾರೂ ಕಣ್ಣಿನಿಂದ ಕಂಡವರಿಲ್ಲ. ಕಾಣದುದನ್ನು ಹೇಳಬೇಕಾದಾಗ ಮನುಷ್ಯನು ಕಂಡುದರ ಸಹಾಯವನ್ನು ಬೇಡುತ್ತಾನೆ.

ಚೀನೀಯರ ಈ ಶಬ್ದಗಳಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಬೌದ್ಧ ಗ್ರಂಥಗಳು ಸಂಸ್ಕೃತದಿಂದ ಚೀನೀ ಭಾಷೆಗೆ ಹೋದಾಗ ‘ಹೇತು’ ಎಂಬುದಕ್ಕೆ ‘ಯಿನ್’ ಎಂದೂ, ‘ಪ್ರತ್ಯಯ’ ಎಂಬ ಶಾಸ್ತ್ರಶಬ್ದಕ್ಕೆ, ಎಂದರೆ ಮುಖ್ಯ ಹೇತುವಿಗೆ ಒದಗುವ ನೆರವಿನ ಕಾರಣಕ್ಕೆ, ‘ಯುವಾನ್’ ಎಂದೂ ಅಲ್ಲಿಯ ಭಾಷಾಂತರಕಾರರು ಇಟ್ಟರು. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ವರ್ಣಿಸಿ ನಮಗೆಲ್ಲ ಪರಿಚಿತನಾದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಕ್ರಿ. ಶ. ೬೪೫ರಲ್ಲಿ ಸ್ವದೇಶಕ್ಕೆ ಮರಳಿದನಷ್ಟೆ. ಅವನು ೬೪೭ರಲ್ಲಿ ‘ನ್ಯಾಯಪ್ರವೇಶ’ವೆಂಬ ತರ್ಕಗ್ರಂಥವನ್ನು ಚೀನೀ ಭಾಷೆಗೆ ತಂದನು. ನಮ್ಮ ‘ಹೇತುವಿದ್ಯೆ’ ಅಲ್ಲಿ ‘ಯಿನ್‌ಮಿಂಗ್’ ಎನಿಸಿತು. ಅನುಸರಿಸು ಎಂಬ ಅರ್ಥದ ಹಳೆಯ ಕ್ರಿಯಾಪದವೇ ತರ್ಕಶಾಸ್ತ್ರದ ಹೆಸರಿನೊಳಗೆ ಸಿಂಹಾಸನವನ್ನೇರಿತು. ಅದೇ ‘ಹೇತು’ ಶಬ್ದವು ಕನ್ನಡಕ್ಕೂ ಬಂದು, ಇಂದಿಗೂ ನಮ್ಮ ಬರವಣಿಗೆಯಲ್ಲಿ ಬಾಳುತ್ತಿದೆ.

ಇನ್ನು ಕನ್ನಡಕ್ಕೆ ಬರೋಣ. ಚೀನೀಯಲ್ಲಿ ಕಾರಣದ ಮಾತು ನಾಮಪದಕ್ಕೆ ಮುಂಚೆ ನಿಲ್ಲುತ್ತದೆ, ಕನ್ನಡದಲ್ಲಿ ಅನಂತರ ನಿಲ್ಲುತ್ತದೆ. ಇದಕ್ಕೆ ಕಾರಣ ಸರಳವಾಗಿದೆ. ಚೀನೀ ವಾಕ್ಯದಲ್ಲಿ ಕ್ರಿಯಾಪದ ಮೊದಲು, ಕರ್ಮಪದ ಆಮೇಲೆ. ನಾವು ‘ಹಾದಿ ಹಿಡಿ’ ಎಂದರೆ ಅವರು ‘ಹಿಡಿ ಹಾದಿ’ ಎನ್ನುತ್ತಾರೆ. ಕ್ರಿಯಾಪದವು ಸವೆದು ಕಿರುಮಾತಾದ ಮೇಲೂ ತನ್ನ ಹಳೆಯ ಮನೆಯನ್ನು ಬಿಡುವುದಿಲ್ಲ. ಆದುದರಿಂದ ಅಲ್ಲಿ ಕಿರುಮಾತು ಮುಂದೆ, ಇಲ್ಲಿ ಹಿಂದೆ. ‘ಕುರಿತು’, ‘ಹಿಡಿದು’, ‘ಬಿಟ್ಟು’, ‘ಆಗಿ’ ಮುಂತಾದ ನಮ್ಮ ಮಾತುಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಇವೆಲ್ಲ ಕ್ರಿಯಾಪದಗಳಾಗಿದ್ದು ನಾಮಪದಗಳ ಬೆನ್ನಿಗೆ ಅಂಟಿಕೊಂಡು ಬೇರೆ ಕೆಲಸಕ್ಕೆ ನಿಂತವು.

ಹಳಗನ್ನಡದಲ್ಲಿ ಕಾರಣವನ್ನು ಹೇಳುವ ಮುಖ್ಯ ಸಾಧನ ‘ಇಂ’ ಎಂಬ ತೃತೀಯಾ ಪ್ರತ್ಯಯ. ‘ಕೊಡಲಿಯಿಂ ಕಡಿದಂ’ ಎಂದರೆ ಸಾಧನ. ‘ಊರಿಂ ಬಂದಂ’ ಎಂದರೆ ಹೊರಟ ಸ್ಥಳ. ‘ಭಯದಿಂ ನಡುಗಿದಂ’ ಎಂದರೆ ಕಾರಣ. ಕೈಯಲ್ಲಿಯ ಕೊಡಲಿ, ಹಿಂದೆ ಬಿಟ್ಟ ಊರು, ಎದೆಯೊಳಗಿನ ಭಯ, ಮೂರಕ್ಕೂ ಒಂದೇ ಪ್ರತ್ಯಯ. ಸಂಸ್ಕೃತದಲ್ಲಿಯೂ ಪಾಣಿನಿಯು ತೃತೀಯೆಗೆ ಹೇತ್ವರ್ಥವನ್ನು ವಿಧಿಸಿದ್ದಾನೆ. ಸುಮಾರು ಕ್ರಿ. ಶ. ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ತೃತೀಯೆಗೆ ‘ಇಂ’ ಮೊದಲಾದ ರೂಪಗಳನ್ನು ಹೇಳಿ, ಪಂಚಮಿಗೆ ‘ಅತ್ತಣಿಂ’ ಎಂಬುದನ್ನು ಹೇಳಿದ್ದಾನೆ. ‘ಅತ್ತ’ ಎಂದರೆ ಆ ಕಡೆ. ‘ಅತ್ತಣಿಂ’ ಎಂದರೆ ಆ ಕಡೆಯಿಂದ. ಕನ್ನಡಕ್ಕೆ ಪಂಚಮಿ ಸಹಜವಾದುದಲ್ಲ, ತೃತೀಯೆಯೇ ಅದರ ಕೆಲಸವನ್ನೂ ಮಾಡುತ್ತದೆ ಎಂದು ಈಚಿನ ವಿದ್ವಾಂಸರಲ್ಲಿ ಅನೇಕರು ವಾದಿಸಿದ್ದಾರೆ. ಆ ವಾದ ಹೇಗಾದರೂ ಇರಲಿ. ಹೊಸಗನ್ನಡದ ಶಾಲಾ ವ್ಯಾಕರಣಗಳು ಪಂಚಮಿಗೆ ಕೊಡುವ ‘ದೆಸೆಯಿಂದ’ ಎಂಬ ರೂಪವನ್ನು ಸ್ವಲ್ಪ ಗಮನಿಸಿ. ‘ದೆಸೆ’ಯು ‘ದಿಶಾ’ ಶಬ್ದದ ತದ್ಭವ, ದಿಕ್ಕು ಎಂದರ್ಥ. ‘ಅವನ ದೆಸೆಯಿಂದ ನನಗೆ ಈ ಕಷ್ಟ ಬಂದಿತು’ ಎನ್ನುವಾಗ ಯಾರೂ ಪೂರ್ವವನ್ನೂ ಪಶ್ಚಿಮವನ್ನೂ ನೆನೆಯುವುದಿಲ್ಲ. ಚೀನೀಯರ ‘ಯೋವ್’ ಹಾದಿಯಿಂದ ಹೊರಟು ಕಾರಣವನ್ನು ಸೇರಿದಂತೆ ನಮ್ಮ ‘ದೆಸೆ’ ದಿಕ್ಕಿನಿಂದ ಹೊರಟು ಕಾರಣವನ್ನು ಸೇರಿತು. ಎರಡು ಭಾಷೆಗಳಿಗೂ ಯಾವ ಬಳಕೆಯೂ ಇರಲಿಲ್ಲ. ಆದರೂ ಮನುಷ್ಯಬುದ್ಧಿ ನಡೆದ ಹಾದಿ ಒಂದೇ.

ಹಳಗನ್ನಡ ಕಾವ್ಯಗಳಲ್ಲಿ ‘ಕತ’ ಎಂಬ ಇನ್ನೊಂದು ಮಾತಿದ್ದಿತು. ‘ಕತದಿಂ’ ಎಂದರೆ ‘ಕಾರಣದಿಂದ’. ಅದು ಮೆಲ್ಲಗೆ ಮರೆಯಾಯಿತು. ಸಂಸ್ಕೃತದ ‘ಕಾರಣ’ವಾದರೋ ಪಂಡಿತರ ಮನೆಯಲ್ಲಿ ಮಾತ್ರ ಉಳಿಯದೆ ಬೀದಿಗೆ ಇಳಿಯಿತು. ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳನ್ನು ಓದಿದವರಿಗೆ ‘ಇದು ಕಾರಣ’, ‘ಅದು ಕಾರಣ’ ಎಂಬ ಮಾತುಗಳು ಚಿರಪರಿಚಿತ. ದೃಷ್ಟಾಂತಗಳನ್ನು ಒಂದೊಂದಾಗಿ ಮುಂದಿಟ್ಟು, ಕೊನೆಯಲ್ಲಿ ಈ ಎರಡು ಪದಗಳಿಂದ ಗಂಟು ಹಾಕಿ, ಸಿದ್ಧಾಂತಕ್ಕೆ ಬರುವುದು ಅನೇಕ ವಚನಗಳ ಕ್ರಮ. ಪ್ರತ್ಯಯದ ಹಂಗೂ ಇಲ್ಲದೆ ‘ಕಾರಣ’ವು ತಾನೇ ಒಂದು ಅವ್ಯಯದಂತೆ ನಿಂತಿರುವುದನ್ನು ಅಲ್ಲಿ ಕಾಣುತ್ತೇವೆ. ಇಂದಿನ ಸರಕಾರದ ಕಾಗದಗಳಲ್ಲಿ ‘ಮಳೆ ಬಾರದ ಕಾರಣ’ ಎಂದು ಬರೆಯುವ ಗುಮಾಸ್ತರು ತಿಳಿದೋ ತಿಳಿಯದೆಯೋ ಆ ಹಳೆಯ ದಾರಿಯಲ್ಲಿಯೇ ನಡೆಯುತ್ತಿದ್ದಾರೆ.

ಇದುವರೆಗೆ ಹೇಳಿದುದು ಗ್ರಂಥಗಳ ಕನ್ನಡ. ಬಾಯಿಯ ಕನ್ನಡವನ್ನು ನೋಡಬೇಕಾದರೆ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಗೆ ಹೋಗೋಣ. ಮಾನ್ವಿ, ದೇವದುರ್ಗ, ರಾಯಚೂರು ಇವುಗಳ ಬಳಸಿನಲ್ಲಿ ಕವಿತಾಳವೆಂಬ ಊರುಂಟು. ೧೯೧೫ರಲ್ಲಿ ಅಶೋಕನ ಹೆಸರನ್ನು ಹೊತ್ತ ಪ್ರಾಕೃತ ಶಾಸನವು ಬೆಳಕಿಗೆ ಬಂದ ಮಸ್ಕಿ ಅಲ್ಲಿಗೆ ಬಹಳ ದೂರವಲ್ಲ. ದಾಸಸಾಹಿತ್ಯದಲ್ಲಿ ಹೆಸರಾದ ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ ಇವೂ ಆ ನೆಲದವೇ. ಪರಮಾತ್ಮನು ಜಗತ್ತಿಗೆ ನಿಮಿತ್ತಕಾರಣನೇ ಹೊರತು ಉಪಾದಾನಕಾರಣನಲ್ಲ ಎಂಬ ಮಧ್ವಸಿದ್ಧಾಂತದ ಸೂಕ್ಷ್ಮವನ್ನು ಈ ದಾಸರ ಪರಂಪರೆಯು ಜನರ ಮನೆಬಾಗಿಲಿಗೆ ಒಯ್ದಿತು. ‘ನಾನು ನಿಮಿತ್ತ ಮಾತ್ರ’ ಎಂದು ಒಕ್ಕಲಿಗನೂ ಆಡುವಷ್ಟು ಆ ಶಾಸ್ತ್ರಶಬ್ದ ನಾಡಿನಲ್ಲಿ ಇಂದು ಮನೆಯ ಮಾತಾಗಿದೆ.

ಆದರೆ ಆ ಸೀಮೆಯ ಜನರ ನಾಲಿಗೆಯ ಮೇಲೆ ಹೆಚ್ಚಾಗಿ ಆಡುವ ಮಾತು ‘ಸಲುವಾಗಿ’. ಮೈಸೂರಿನ ಕಡೆಯವರು ‘ನಿನಗೋಸ್ಕರ ಬಂದೆ’ ಎನ್ನುವ ಕಡೆಯಲ್ಲಿ ಅಲ್ಲಿಯವರು ‘ನಿನ್ನ ಸಲುವಾಗಿ ಬಂದೀನಿ’ ಎನ್ನುತ್ತಾರೆ. ಈ ಮಾತಿನ ಹುಟ್ಟು ಬಹು ರಮಣೀಯವಾದುದು. ‘ಸಲ್’ ಎಂಬ ಧಾತುವಿಗೆ ಮೊದಲು ಹೋಗು, ಹೊಗು ಎಂದರ್ಥ. ತಮಿಳಿನ ‘ಸೆಲ್’ ಎಂಬುದು ಈಗಲೂ ಹೋಗು ಎಂಬರ್ಥದಲ್ಲಿಯೇ ಇದೆ. ನಾವು ‘ಸಂದ ಕಾಲ’ ಎಂದರೆ ಹೋದ ಕಾಲ. ನಾಣ್ಯವು ಅಂಗಡಿಯಲ್ಲಿ ‘ಸಲ್ಲುತ್ತದೆ’ ಎಂದರೆ ಅದು ನಡೆಯುತ್ತದೆ, ಎಂದರೆ ಯೋಗ್ಯವಾಗಿದೆ. ಅಲ್ಲಿಂದ ಮುಂದೆ ಒಬ್ಬರಿಗೆ ನ್ಯಾಯವಾಗಿ ಸೇರತಕ್ಕದ್ದು ಅವರಿಗೆ ‘ಸಲ್ಲತಕ್ಕದ್ದು’. ವಿಜಯನಗರ ಕಾಲದ ದಾನಶಾಸನಗಳಲ್ಲಿ ಇಂಥ ಸೀಮೆಗೆ ‘ಸಲುವ’ ಇಂಥ ಗ್ರಾಮ ಎಂಬ ಒಕ್ಕಣೆ ಮೇಲಿಂದ ಮೇಲೆ ಬರುತ್ತದೆ. ಈ ‘ಸಲುವ’ಕ್ಕೆ ‘ಆಗಿ’ ಸೇರಿದರೆ ‘ಸಲುವಾಗಿ’. ಎಂದರೆ ‘ನಿನಗೆ ಸಲ್ಲತಕ್ಕದ್ದಾಗಿ’. ನಡಿಗೆಯ ಮಾತು ನಾಣ್ಯದ ಮಾತಾಯಿತು, ನಾಣ್ಯದ ಮಾತು ಹಕ್ಕಿನ ಮಾತಾಯಿತು, ಹಕ್ಕಿನ ಮಾತು ಕೊನೆಗೆ ಅಕ್ಕರೆಯ ಮಾತಾಯಿತು. ತಾಯಿಯು ‘ನಿನ್ನ ಸಲುವಾಗಿ ಕಾದೆ’ ಎಂದು ಮಗನಿಗೆ ಹೇಳುವಾಗ ಆ ಕಾಯುವಿಕೆ ಅವನಿಗೆ ಸಲ್ಲತಕ್ಕ ಪದಾರ್ಥವೆಂಬ ಭಾವ ಆ ಶಬ್ದದೊಳಗೆ ಅಡಗಿದೆ.

ಆದುದರಿಂದ ‘ಸಲುವಾಗಿ’ ಎಂಬುದು ಗ್ರಾಮ್ಯ, ‘ಓಸ್ಕರ’ ಎಂಬುದು ಶಿಷ್ಟ ಎಂದು ಭಾವಿಸುವವರು ಸ್ವಲ್ಪ ಯೋಚಿಸಬೇಕು. ‘ಓಸ್ಕರ’ವೂ ಹಿಂದೆ ‘ಓಸುಗ’ ಎಂದಿದ್ದುದೇ. ಅದೂ ನಾಲಿಗೆಯಲ್ಲಿ ಸವೆದ ಮಾತೇ. ರಾಯಚೂರು ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದಿತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ರಾಜಾಶ್ರಯವಿಲ್ಲದ ಆ ಕಾಲದಲ್ಲಿ ಅಲ್ಲಿಯ ಕನ್ನಡವನ್ನು ಕಾಪಾಡಿದುದು ಬಹುಮಟ್ಟಿಗೆ ಮನೆಯ ಮಾತು, ಹಾಡು, ಭಜನೆ. ಅಂಥ ಬಾಯಿಂದ ಬಂದ ಹುಡುಗನು ಪಾಠದ ಪುಸ್ತಕದಲ್ಲಿ ‘ಸಲುವಾಗಿ’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಎಳೆಯುವ ಮೊದಲು ಉಪಾಧ್ಯಾಯರು ಶಾಸನಗಳನ್ನು ನೆನೆಯುವುದು ಒಳ್ಳೆಯದು. ಆ ಗೆರೆ ಬೀಳುವುದು ಒಂದು ತಪ್ಪಿನ ಮೇಲೆ ಅಲ್ಲ, ಅವನ ತಾಯಿಯ ಮಾತಿನ ಮೇಲೆ.

ಈ ಸೀಮೆಯಲ್ಲಿ ಇನ್ನೊಂದು ವಿಶೇಷವನ್ನು ಕಾಣಬಹುದು. ಅಲ್ಲಿಯ ಸಂತೆಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಈ ಮೂರೂ ಕಿವಿಗೆ ಬೀಳುತ್ತವೆ. ಕನ್ನಡಿಗನು ‘ಮಳಿ ಬರಲಿಲ್ಲಂತ ಬಿತ್ತಲಿಲ್ಲ’ ಎನ್ನುತ್ತಾನೆ. ತೆಲುಗಿನವನು ‘ವಾನ ರಾಲೇದನಿ’ ಎನ್ನುತ್ತಾನೆ. ದಖನಿಯನ್ನಾಡುವವನು ‘ಪಾನಿ ನೈ ಆಯಾ ಬೋಲ್ಕೆ’ ಎನ್ನುತ್ತಾನೆ. ಈ ‘ಅಂತ’, ‘ಅನಿ’, ‘ಬೋಲ್ಕೆ’ ಮೂರಕ್ಕೂ ಅರ್ಥ ಒಂದೇ: ‘ಎಂದು ಹೇಳಿ’. ಗ್ರಾಂಥಿಕ ಉರ್ದುವಿನಲ್ಲಿ ಇಂಥ ಪ್ರಯೋಗವಿಲ್ಲ. ದಕ್ಷಿಣಕ್ಕೆ ಬಂದ ಉರ್ದು ತನ್ನ ನೆರೆಹೊರೆಯ ದ್ರಾವಿಡ ಭಾಷೆಗಳನ್ನು ಕೇಳಿ ಕೇಳಿ, ಶಬ್ದವನ್ನು ತನ್ನದಾಗಿಯೇ ಇಟ್ಟುಕೊಂಡು, ವಾಕ್ಯದ ಅಚ್ಚನ್ನು ಮಾತ್ರ ಎರವಲು ಪಡೆಯಿತು. ರಾಜಭಾಷೆಯಾಗಿದ್ದ ಉರ್ದುವಿನಿಂದ ಕನ್ನಡವು ಕಚೇರಿ ಕಾಗದಗಳ ಶಬ್ದಗಳನ್ನು ನೂರಾರು ಪಡೆಯಿತು. ಅದರ ಬದಲಿಗೆ ನಮ್ಮ ನೆಲವು ಉರ್ದುವಿಗೆ ಕಾರಣವನ್ನು ಹೇಳುವ ಒಂದು ರೀತಿಯನ್ನೇ ಕೊಟ್ಟಿತು. ಇದು ಸಣ್ಣ ಕೊಡುಗೆಯಲ್ಲ.

‘ಏಕೆಂದರೆ’ ಎಂಬ ಮಾತೂ ಈ ‘ಎನ್’ ಧಾತುವಿನ ಸಂತಾನವೇ. ‘ಏಕೆ ಎಂದು ನೀವು ಕೇಳಿದರೆ’ ಎಂಬುದು ಅದರ ಪೂರ್ಣರೂಪ. ಹಳಗನ್ನಡದಲ್ಲಿ ‘ಏಕೆಂದೊಡೆ’, ರಾಯಚೂರಿನಲ್ಲಿ ‘ಯಾಕಂದ್ರ’. ತೆಲುಗಿನ ‘ಎಂದುಕಂಟೆ’, ತಮಿಳಿನ ‘ಏನೆನ್ರಾಲ್’, ಸಂಸ್ಕೃತ ಭಾಷ್ಯಕಾರರ ‘ಕುತ ಇತಿ ಚೇತ್’ ಇವೆಲ್ಲ ಒಂದೇ ಅಚ್ಚಿನವು. ಇದರಲ್ಲಿ ಒಂದು ಸೌಜನ್ಯವುಂಟು. ಕಾರಣವನ್ನು ಹೇಳುವವನು ಎದುರಿಗಿರುವವನ ಪ್ರಶ್ನೆಯನ್ನು ತಾನೇ ಊಹಿಸಿ, ತನ್ನ ಬಾಯಿಂದಲೇ ಆಡಿ, ಆಮೇಲೆ ಉತ್ತರ ಕೊಡುತ್ತಾನೆ. ‘ಏಕೆಂದರೆ’ ಎಂದ ಪ್ರತಿಸಾರಿಯೂ ನಾವು ಕೇಳುವವನಿಗೆ ಕೇಳುವ ಹಕ್ಕನ್ನು ಒಪ್ಪಿಕೊಳ್ಳುತ್ತೇವೆ.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಕಾರಣವನ್ನು ಹೇಳುವ ಇಷ್ಟು ಮಾತುಗಳಿದ್ದರೆ ಅವೆಲ್ಲ ಒಂದೇ ಅರ್ಥದವೆ? ಅಲ್ಲ. ‘ಮಳೆ ಬಂದುದರಿಂದ ಬಿತ್ತಿದನು’ ಎಂದರೆ ಮಳೆ ಬಂದಿತು, ಅದು ನಿಜ. ಹೇಳುವವನೇ ಅದಕ್ಕೆ ಹೊಣೆ. ‘ಮಳೆ ಬಂದೀತೆಂದು ಬಿತ್ತಿದನು’ ಎಂದರೆ ಮಳೆ ಬಂದಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಅದು ಬಿತ್ತಿದವನ ಮನಸ್ಸಿನಲ್ಲಿದ್ದ ನಂಬಿಕೆ. ‘ಇಂದ’ ಹೇಳುವುದು ಲೋಕದ ಕಾರಣವನ್ನು. ‘ಎಂದು’ ಹೇಳುವುದು ಮನಸ್ಸಿನ ಕಾರಣವನ್ನು. ಒಕ್ಕಲಿಗನ ಹೊಲದಲ್ಲಿ ಈ ವ್ಯತ್ಯಾಸ ಒಂದು ಚೀಲ ಬೀಜದ್ದು. ನ್ಯಾಯಸ್ಥಾನದಲ್ಲಿ ಅದೇ ವ್ಯತ್ಯಾಸ ಒಬ್ಬನ ಮಾನದ್ದು. ‘ಅವನು ಕದ್ದನೆಂದು ಜನರು ಹೊಡೆದರು’ ಎಂಬ ವಾಕ್ಯವನ್ನೂ ‘ಅವನು ಕದ್ದುದರಿಂದ ಜನರು ಹೊಡೆದರು’ ಎಂಬ ವಾಕ್ಯವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯದರಲ್ಲಿ ಕಳವು ಜನರ ಊಹೆ, ಅವನು ನಿರಪರಾಧಿಯಾಗಿರಬಹುದು. ಎರಡನೆಯದರಲ್ಲಿ ಬರೆದವನೇ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟುಬಿಟ್ಟನು. ಹೊಡೆದ ಜನರ ತಪ್ಪನ್ನೂ ಅರ್ಧ ಮನ್ನಿಸಿಬಿಟ್ಟನು. ಸುದ್ದಿ ಬರೆಯುವವರೂ ಮೊಕದ್ದಮೆಯ ಹೇಳಿಕೆಗಳನ್ನು ದಾಖಲು ಮಾಡುವವರೂ ಈ ಎರಡಕ್ಷರಗಳ ಭಾರವನ್ನು ಬಲ್ಲವರಾಗಿರಬೇಕು.

ಹೊಣೆಯ ಇನ್ನೊಂದು ಮುಖವುಂಟು. ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೊನೆಯ ಭಾಗದಲ್ಲಿ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿವೆ. ಕಾಲುವೆಯ ತುದಿಯವರೆಗೆ ನೀರು ಮುಟ್ಟುವುದೆ ಎಂಬುದು ಅಲ್ಲಿಯ ರೈತರ ಬಹುಕಾಲದ ಚಿಂತೆ. ಇಂಥ ಕಡೆ ಒಬ್ಬ ರೈತನು ಅರ್ಜಿ ಬರೆಸುತ್ತಾನೆಂದು ಊಹಿಸಿಕೊಳ್ಳಿ. ‘ನೀರು ಬಾರದುದರಿಂದ ಬೆಳೆ ಒಣಗಿತು’ ಎಂದು ಬರೆದರೆ ದೋಷ ನೀರಿನದು, ಯಾರನ್ನೂ ಕೇಳಬೇಕಾದುದಿಲ್ಲ. ‘ನೀರು ಬಿಡದುದರಿಂದ’ ಎಂದು ಬರೆದರೆ ಬಿಡಬೇಕಾಗಿದ್ದವನೊಬ್ಬನು ಉಂಟೆಂದಾಯಿತು. ‘ನೀರಿನ ಅಭಾವದ ನಿಮಿತ್ತ’ ಎಂದು ಬರೆದರೆ ಎಲ್ಲವೂ ಮಂಜಿನೊಳಗೆ ಮುಚ್ಚಿಹೋಯಿತು. ಪ್ರತ್ಯಯ ಒಂದೇ ಇದ್ದರೂ ಅದರ ಹಿಂದಿನ ಕ್ರಿಯಾಪದವನ್ನು ಆರಿಸುವುದರಲ್ಲಿ ರೈತನ ನ್ಯಾಯವಡಗಿದೆ. ಬರೆದುಕೊಡುವವನು ‘ಶಿಷ್ಟಭಾಷೆ’ಯ ಮೋಹದಿಂದ ಕ್ರಿಯಾಪದವನ್ನು ತೆಗೆದು ಸಂಸ್ಕೃತದ ನಾಮಪದವನ್ನು ತುಂಬಿದರೆ, ಭಾಷೆ ಘನವಾಗಿ ಕಂಡೀತು, ಆದರೆ ಕರ್ತೃವು ವಾಕ್ಯದಿಂದ ಜಾರಿಕೊಂಡಿರುತ್ತಾನೆ.

ಕಾರಣ ಬೇರೆ, ಉದ್ದೇಶ ಬೇರೆ. ‘ನಿನ್ನಿಂದ ಹೀಗಾಯಿತು’ ಎಂಬುದು ದೂರು. ‘ನಿನ್ನ ಸಲುವಾಗಿ ಹೀಗೆ ಮಾಡಿದೆ’ ಎಂಬುದು ಪ್ರೀತಿ. ಹಳೆಯ ಚೀನೀ ಭಾಷೆಯ ‘ವೇಯ್’ ಇವೆರಡನ್ನೂ ಒಂದೇ ಹೆಗಲಿನಲ್ಲಿ ಹೊರುತ್ತಿದ್ದಿತು. ನಮ್ಮಲ್ಲಿಯೂ ‘ಅದಕ್ಕೇ ಬಂದೆ’ ಎಂಬ ಚತುರ್ಥಿಯು ಎರಡಕ್ಕೂ ಒದಗುತ್ತದೆ. ಬೇರ್ಪಡಿಸಿ ಹೇಳಬೇಕಾದಾಗ ಮಾತ್ರ ಕನ್ನಡವು ‘ಇಂದ’ವನ್ನು ಒಂದು ಕಡೆಗೂ ‘ಆಗಿ’, ‘ಸಲುವಾಗಿ’, ‘ಓಸ್ಕರ’ಗಳನ್ನು ಇನ್ನೊಂದು ಕಡೆಗೂ ನಿಲ್ಲಿಸುತ್ತದೆ. ಸುಳ್ಳು ಕಾರಣಕ್ಕೆಂದೇ ‘ನೆಪ’ ಎಂಬ ಬೇರೆ ಮಾತನ್ನೂ ಇಟ್ಟುಕೊಂಡಿದೆ. ಇಷ್ಟು ಸಂಪತ್ತಿರುವಾಗ ಒಂದನ್ನೇ ಎಲ್ಲ ಕಡೆಯೂ ಬಳಸುವುದು ಲೋಭಿಯ ಸಂಸಾರದಂತೆ.

ಕೊನೆಯದಾಗಿ, ಈಗ ವಿಶೇಷವಾಗಿ ಹಬ್ಬಿರುವ ‘ಕಾರಣದಿಂದಾಗಿ’ ಎಂಬ ರೂಪವನ್ನು ಒಂದು ಮಾತಿನಲ್ಲಿ ನೋಡೋಣ. ‘ಕಾರಣ’ ಒಂದೇ ಸಾಕು, ‘ಇಂದ’ವೂ ಸಾಕು, ‘ಆಗಿ’ಯೂ ಬಂದಿತು. ಮೂರು ಕಂಬಗಳು, ಒಂದು ಚಪ್ಪರ. ಇದನ್ನು ಕಂಡು ಪಂಡಿತರು ಸಿಡಿಮಿಡಿಗೊಳ್ಳುವುದುಂಟು. ಆದರೆ ಇದು ನಮ್ಮವರಿಗೆ ಮಾತ್ರ ಅಂಟಿದ ಚಾಳಿಯಲ್ಲ. ಇಂದಿನ ಚೀನೀ ಭಾಷೆಯಲ್ಲಿ ಎಲ್ಲರೂ ಬಳಸುವ ‘ಯಿನ್‌ವೇಯ್’ ಎಂಬುದು ‘ಯಿನ್’ ಮತ್ತು ‘ವೇಯ್’ ಎಂಬ ಎರಡು ಕಾರಣಗಳನ್ನು ಒಂದರ ಮೇಲೊಂದು ಪೇರಿಸಿದುದೇ. ಕಿರುಮಾತು ಸವೆದು ಬಲ ಕುಂದಿದಾಗ ಭಾಷೆ ಅದಕ್ಕೆ ಇನ್ನೊಂದನ್ನು ಊರುಗೋಲಾಗಿ ಕೊಡುತ್ತದೆ. ಕಾಲ ಕಳೆದ ಮೇಲೆ ಕಾಲೂ ಕೋಲೂ ಕೂಡಿ ಒಂದೇ ಅಂಗವಾಗುತ್ತವೆ. ನಮ್ಮ ‘ಆದ್ದರಿಂದ’ವೂ ಹೀಗೆಯೇ ‘ಆದುದು’, ‘ಇಂದ’ ಎಂಬ ಎರಡರ ಬೆಸುಗೆ. ಬೇಕಾದ ಕಡೆ ಊರುಗೋಲನ್ನು ಹಿಡಿಯಲಿ, ಅಡ್ಡಿಯಿಲ್ಲ. ನೆಟ್ಟಗೆ ನಡೆಯಬಲ್ಲವನು ಮೂರು ಕೋಲುಗಳನ್ನು ಹಿಡಿದು ಹೊರಡಬೇಕಾದುದಿಲ್ಲ.

ಹೋಗು, ಹಿಡಿ, ಮಾಡು, ಎನ್ನು ಎಂಬ ಸಾಮಾನ್ಯ ಕ್ರಿಯೆಗಳಿಂದಲೂ ದೆಸೆಯೆಂಬ ಬರಿಯ ದಿಕ್ಕಿನಿಂದಲೂ ಜನರು ಕಾರಣವೆಂಬ ಗಹನವಾದ ತತ್ತ್ವವನ್ನು ಹೇಳಲು ಕಲಿತರು. ಅದನ್ನು ಚೀನಾದೇಶದ ಭಿಕ್ಷುವೂ ಮಾಡಿದನು, ಕವಿತಾಳದ ಸಂತೆಗೆ ಬಂದ ಒಕ್ಕಲಿಗನೂ ಮಾಡಿದನು. ಅವರು ಕೂಡಿಸಿಟ್ಟ ಮಾತುಗಳಲ್ಲಿ ಯಾವುದೂ ಕೀಳಲ್ಲ. ಪ್ರತಿಯೊಂದಕ್ಕೂ ಅದರದೇ ತೂಕವಿದೆ. ಇನ್ನೊಬ್ಬರ ನಡತೆಗೆ ಕಾರಣ ಹೇಳಬೇಕಾಗಿ ಬಂದಾಗ ‘ಇಂದ’ ಎನ್ನಬೇಕೋ ‘ಎಂದು’ ಎನ್ನಬೇಕೋ ಎಂದು ಒಂದು ಕ್ಷಣ ತೂಗಿ ನೋಡಿದರೆ, ನಮ್ಮ ಕನ್ನಡವೂ ಶುದ್ಧವಾಗುವುದು, ನಮ್ಮ ನ್ಯಾಯಬುದ್ಧಿಯೂ ಶುದ್ಧವಾಗುವುದು.